ಗೆಸ್ಟ್ ಲೆಕ್ಚರರ್ ಹರ್ಕ್ಯುಲಿಸ್

ನನ್ನ ಅಕ್ಕನ ಮಗನಿಗೆ ಮಾರ್ವೆಲ್ ಸಿನಿಮಾಗಳೆಲ್ಲ ಬಾಯಿಪಾಠ. ಯಾವ ಸಿನಿಮಾದಲ್ಲಿ ಹೆಸರುಗಳೆಲ್ಲ ಓಡಿ ಮುಗಿದ ಮೇಲೆ ಯಾವ ತುಣುಕು ಬರುತ್ತದೆ ಅಂತ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾನೆ. ಈಚೆಗೆ ವಿದ್ಯಾನಗರದ ಅವರ ಮನೆಗೆ ಊಟಕ್ಕೆ ಹೋದಾಗ ಸುಮ್ನೆ ಕೆಣಕಿದೆ. ‘ಚಾಂಪಿಯನ್ಸ್ ಅಂದ್ರ ಯಾರು, ಹೇಳು ನೋಡೋಣ?’ ‘ಗೊತ್ತು ಮಾಮಾ. ಮಿಸ್ ಮಾರ್ವೆಲ್, ಮೈಲ್ಸ್ ಮೊರಾಲೆಸ್, ನೋವಾ. ಹುಡುಗ್ರ ಟೀಮ್’ ಅಂದ. ಅದು 2016ರಲ್ಲಿ ಬಂದ ತಂಡ. ನಾನು ಕೇಳಿದ್ದು 1975ರ ಮಾರ್ವೆಲ್ ಕಾಮಿಕ್ಸಿನ ತಂಡ ಅಂದೆ. ಮೊಬೈಲ್ ತೆಗೆದು ಹುಡುಕಿದ. ಏಂಜೆಲ್, ಐಸ್‌ಮ್ಯಾನ್, ಬ್ಲ್ಯಾಕ್ ವಿಡೋ, ಹರ್ಕ್ಯುಲಿಸ್, ಘೋಸ್ಟ್ ರೈಡರ್. ಸ್ವಲ್ಪ ಹೊತ್ತು ನೋಡಿ, ‘ಇವರೆಲ್ಲ ಒಂದ ಟೀಮ್‌ನ್ಯಾಗ ಯಾಕಿದ್ರು?’ ಅಂತ ಕೇಳಿದ.

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಆ ಕಾಮಿಕ್ಸ್ ಬರೆದವರ ಹತ್ತಿರವೂ ಇರಲಿಲ್ಲ. ಆದರೂ ಅವನು ಹಾಗೆ ಕೇಳಿದ್ದು ನನಗೆ ಚುಚ್ಚಿತು. ನಮ್ಮ ಮನೆಯವರ ಬಗ್ಗೆ ಯಾರೋ ಏನೋ ಅಂದ ಹಾಗೆ. 17 ಸಂಚಿಕೆ ಬಂದು ನಿಂತುಹೋದ ಒಂದು ಅಮೆರಿಕನ್ ಕಾಮಿಕ್ಸ್. ನಾನು ಒಂದನೇ ಇಯತ್ತೆಗೆ ಹೋಗುವ ಮೊದಲೇ ಮುಚ್ಚಿಹೋಗಿತ್ತು. ಅದರ ಪರವಾಗಿ ಹುಬ್ಬಳ್ಳಿಯಲ್ಲಿ ಕೂತು ನಾನ್ಯಾಕೆ ಜಗಳಕ್ಕೆ ನಿಲ್ಲಬೇಕು?

ಆದರೆ ನಾನೊಬ್ಬನೇ ಅಲ್ಲ. ಈ ತಂಡವನ್ನು ಹೀಗೆ ಹಚ್ಚಿಕೊಂಡವರು ಜಗತ್ತಿನ ತುಂಬ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಅವೆಂಜರ್ಸ್ ಮೇಲಿನ ಪ್ರೀತಿಗೆ ಕಾರಣ ಕೊಡಬೇಕಾಗಿಲ್ಲ. ಅದು ಎಲ್ಲರೂ ಹೋಗುವ ಜಾತ್ರೆ. ಸಣ್ಣ ತಂಡದ ಮೇಲಿನ ಪ್ರೀತಿಗೆ ಮಾತ್ರ ಯಾವಾಗಲೂ ಕಾರಣ ಕೇಳುತ್ತಾರೆ. ‘ಯಾರಿಗೂ ಗೊತ್ತಿಲ್ಲದ್ದು ನಿನಗೆ ಗೊತ್ತು ಅನ್ನೋ ಜಂಬ’ ಅನ್ನುವವರು ಇದ್ದಾರೆ. ‘ಸಣ್ಣವನಿದ್ದಾಗ ಓದಿದ್ದು, ಅದಕ್ಕೇ’ ಅನ್ನುವವರೂ ಇದ್ದಾರೆ. ಎರಡರಲ್ಲೂ ಸ್ವಲ್ಪ ನಿಜ ಇದೆ. ಆದರೆ ಸಣ್ಣವನಿದ್ದಾಗ ಓದಿದ ಬೇರೆ ಎಷ್ಟೋ ಕಾಮಿಕ್ಸ್ ನನಗೆ ಈಗ ಏನೂ ಅನ್ನಿಸುವುದಿಲ್ಲ.

ರದ್ದಿಯಲ್ಲಿ ಬಂದ ಜೇನುಹುಳ

ನಮ್ಮ ಕಾಲದ ಹುಡುಗರಿಗೆ ಕಾಮಿಕ್ಸ್ ಅಂದರೆ ಇಂದ್ರಜಾಲ. ಕನ್ನಡದಲ್ಲಿ ಬರುತ್ತಿತ್ತು. ಫ್ಯಾಂಟಮ್, ಮಾಂಡ್ರೇಕ್, ಫ್ಲ್ಯಾಶ್ ಗಾರ್ಡನ್, ಆಮೇಲೆ ನಮ್ಮವನೇ ಆದ ಬಹಾದೂರ್. ಬಾಡಿಗೆಗೆ ತಂದು, ಊಟದ ತಾಟಿನ ಪಕ್ಕ ಇಟ್ಟುಕೊಂಡು ಓದಿ, ಎಣ್ಣೆ ಕಲೆ ಮಾಡಿ ಬೈಸಿಕೊಂಡು ವಾಪಸ್ ಕೊಡುವುದು. ಇದನ್ನೆಲ್ಲ ನಿಮಗೆ ಹೇಳಬೇಕಾಗಿಲ್ಲ. ಒಂದು ಮಾತು ಮಾತ್ರ. ಅಲ್ಲಿ ಹೀರೋ ಯಾವಾಗಲೂ ಒಬ್ಬನೇ. ಮಾಂಡ್ರೇಕನ ಜೊತೆ ಲೋಥಾರ್ ಇದ್ದ, ಫ್ಯಾಂಟಮ್ ಜೊತೆ ನಾಯಿ, ಕುದುರೆ ಇದ್ದವು. ಆದರೆ ಐದು ಜನ ಹೀರೋಗಳು ಒಂದೇ ಪುಟದಲ್ಲಿ ನಿಂತು ಒಬ್ಬರ ಮೇಲೊಬ್ಬರು ಹಾಯುವುದನ್ನು ನಾವು ನೋಡಿರಲಿಲ್ಲ.

ದುರ್ಗದಬೈಲಿನ ಕಡೆ ಒಂದು ರದ್ದಿ ಅಂಗಡಿ ಇತ್ತು. ಪೇಪರ್, ಹಳೇ ನೋಟ್‌ಬುಕ್ಕು, ಇಂಗ್ಲಿಷ್ ಮ್ಯಾಗಜೀನು ಎಲ್ಲವನ್ನೂ ತಕ್ಕಡಿಗೆ ಹಾಕುತ್ತಿದ್ದರು. ಕಾಮಿಕ್ಸ್ ಸಿಕ್ಕರೆ ಬೇರೆ ತೆಗೆದಿಟ್ಟು ಹುಡುಗರಿಗೆ ಬಿಡಿಯಾಗಿ ಮಾರುತ್ತಿದ್ದರು. ಅಲ್ಲಿ ನನ್ನ ಚಿಕ್ಕಪ್ಪನ ಮಗನಿಗೆ ಒಂದು ಇಂಗ್ಲಿಷ್ ಕಾಮಿಕ್ಸ್ ಸಿಕ್ಕಿತು. ಮೇಲಿನ ಪುಟದ ತಲೆಭಾಗ ಹರಿದು ಹೋಗಿತ್ತು. ಮಾರಾಟವಾಗದ ಪ್ರತಿಯ ಮೇಲಿನ ಪಟ್ಟಿ ಹರಿದು ಕಳಿಸಿ ದುಡ್ಡು ವಾಪಸ್ ಪಡೆಯುವ ಪದ್ಧತಿ ಅಮೆರಿಕದಲ್ಲಿ ಇತ್ತು ಅಂತ ಎಷ್ಟೋ ವರ್ಷ ಆದಮೇಲೆ ಓದಿದೆ. ನಮ್ಮದು ಹಾಗೆ ಬಂದದ್ದೋ, ಇಲ್ಲೇ ಯಾರದೋ ಮನೆಯಲ್ಲಿ ಇಲಿ ತಿಂದದ್ದೋ! ತಂಡದ ಹೆಸರು ಒಳಗೆ ಹುಡುಕಬೇಕಾಯಿತು.

ಒಳಗೆ ಮೈಯೆಲ್ಲ ಜೇನುಹುಳದಿಂದಲೇ ಆದ ಒಬ್ಬ ಮನುಷ್ಯ ಇದ್ದ. ಜೇನುಹುಳ ಮುತ್ತಿಕೊಂಡ ಮನುಷ್ಯ ಅಂದುಕೊಳ್ಳಬೇಡಿ. ಹುಳಗಳೇ ಅವನ ಮೈ. ಒಳಗೆ ಬರೀ ಎಲುಬು. ಅವನು ಒಬ್ಬ ನಾಜಿ ವಿಜ್ಞಾನಿ. ದಕ್ಷಿಣ ಅಮೆರಿಕಕ್ಕೆ ಓಡಿಹೋಗಿ, ಅಲ್ಲಿ ವಿಚಿತ್ರವಾದ ಜೇನುಗಳ ಮೇಲೆ ಪ್ರಯೋಗ ಮಾಡಲು ಹೋಗಿ, ಅವು ಅವನನ್ನೇ ತಿಂದು, ಅವನ ಬುದ್ಧಿ ಮಾತ್ರ ಆ ಹಿಂಡಿನಲ್ಲಿ ಉಳಿದುಕೊಂಡಿದೆ. ಹೆಸರು ಸ್ವಾರ್ಮ್. ಹರ್ಕ್ಯುಲಿಸ್‌ನಂಥ ಪೈಲ್ವಾನನೂ ಗುದ್ದಿದರೆ ಗುದ್ದುವುದು ಯಾರಿಗೆ? ನೀರಿನ ಟ್ಯಾಂಕಿನ ಕೆಳಗೆ ಹೆಜ್ಜೇನು ಕಟ್ಟಿದ್ದನ್ನು ನೋಡಿ ಬೆಳೆದ ನಮಗೆ ಇದು ಕಥೆ ಅನ್ನಿಸಲೇ ಇಲ್ಲ. ಅಷ್ಟು ಹೆದರಿಕೆ.

ಅದು 14ನೇ ಸಂಚಿಕೆ, 1977ರದ್ದು. ಬರೆದವರು ಬಿಲ್ ಮ್ಯಾಂಟ್ಲೋ, ಚಿತ್ರ ಜಾನ್ ಬೈರ್ನ್. ಈ ಹೆಸರುಗಳೆಲ್ಲ ಆಗ ನಮಗೆ ಬೇಡವಾಗಿದ್ದವು. ಬೇಕಾಗಿದ್ದದ್ದು 15ನೇ ಸಂಚಿಕೆ. ಯಾಕಂದರೆ ಕಥೆ ಅರ್ಧಕ್ಕೇ ನಿಂತಿತ್ತು. ರದ್ದಿ ಅಂಗಡಿಯಲ್ಲಿ ‘ಇದರ ಮುಂದಿನದು ಐತೇನ್ರೀ?’ ಅಂತ ಕೇಳಿದರೆ ಅವರು ನಮ್ಮನ್ನು ನೋಡಿದ ರೀತಿ ಈಗಲೂ ನೆನಪಿದೆ. ಕಡೆಗೆ ನಾವೇ ಮುಗಿಸಿದೆವು. ಹರ್ಕ್ಯುಲಿಸ್ ಆ ಜೇನುಮನುಷ್ಯನನ್ನು ರಾಣಿಹುಳದ ಸಮೇತ ಉಣಕಲ್ ಕೆರೆಯಲ್ಲಿ ಮುಳುಗಿಸುತ್ತಾನೆ, ಐಸ್‌ಮ್ಯಾನ್ ಮೇಲಿಂದ ಕೆರೆಯನ್ನೇ ಹೆಪ್ಪುಗಟ್ಟಿಸುತ್ತಾನೆ. ಏಂಜೆಲ್‌ಗೆ ಕೆಲಸವೇ ಇರಲಿಲ್ಲ. ಅವನಿಗೆ ಇರುವುದು ರೆಕ್ಕೆ ಮತ್ತು ದುಡ್ಡು. ಹಾಗಾಗಿ ಅವನು ಎಲ್ಲರಿಗೂ ಗಿರ್ಮಿಟ್ ಕೊಡಿಸುತ್ತಾನೆ ಅಂತ ಚಿಕ್ಕಪ್ಪನ ಮಗ ಸೇರಿಸಿದ. ನಿಜವಾದ ಕಾಮಿಕ್ಸಿನಲ್ಲೂ ತಂಡದ ಖರ್ಚೆಲ್ಲ ಏಂಜೆಲ್‌ದೇ, ಅವರಪ್ಪನಿಂದ ಬಂದ ಆಸ್ತಿಯಿಂದ, ಅಂತ ಗೊತ್ತಾದಾಗ ಅವನು ಪುಣೆಯಿಂದ ಫೋನ್ ಮಾಡಿ ಬಿದ್ದು ಬಿದ್ದು ನಕ್ಕ.

(2006, 2007ರಲ್ಲಿ ಎಲ್ಲ ಸಂಚಿಕೆಗಳೂ ಎರಡು ಸಂಪುಟಗಳಾಗಿ ಬಂದವು. ಆಮೇಲೆ 15ನೆಯದನ್ನು ಓದಿದೆ. ನಮ್ಮ ಕ್ಲೈಮ್ಯಾಕ್ಸ್‌ಗಿಂತ ಅದೇ ಚೆನ್ನಾಗಿದೆ. ಬೈರ್ನ್ ಚಿತ್ರ ಬಿಡಿಸಿದ ಮೇಲೆ ನಾವು ಯಾವ ಲೆಕ್ಕ?)

ಕ್ಯಾಂಪಸ್ಸಿನಲ್ಲಿ ಸೇರಿದವರು

ಮೊದಲ ಸಂಚಿಕೆ ಓದಿದ್ದು ಇನ್ನೂ ತಡವಾಗಿ. ಅಷ್ಟೊತ್ತಿಗೆ ನಾನು ಇತಿಹಾಸದಲ್ಲಿ ಎಂ.ಎ. ಮಾಡಿ, ಒಂದಷ್ಟು ವರ್ಷ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕನಾಗಿ ತಿರುಗಿ, ಆ ಕೆಲಸ ಬಿಟ್ಟಿದ್ದೆ. ಹಾಗಾಗಿ ಮೊದಲ ಸಂಚಿಕೆಯನ್ನು ನಾನು ಓದಿದ ಹಾಗೆ ಬೇರೆ ಯಾರೂ ಓದಿರಲಿಕ್ಕಿಲ್ಲ.

ಈ ತಂಡ ಹುಟ್ಟುವುದು ಒಂದು ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ. ಲಾಸ್ ಏಂಜಲೀಸ್‌ನ ಯುಸಿಎಲ್ಎ. ಏಂಜೆಲ್, ಐಸ್‌ಮ್ಯಾನ್ ಇಬ್ಬರೂ ಎಕ್ಸ್‌ಮೆನ್ ಅನ್ನುವ ಹಳೇ ತಂಡ ಬಿಟ್ಟು ಅಲ್ಲಿ ಓದಲು ಬಂದವರು. ಹರ್ಕ್ಯುಲಿಸ್ ಅಲ್ಲಿ ಪುರಾಣದ ಬಗ್ಗೆ ಪಾಠ ಹೇಳಲು ಬಂದ ಗೆಸ್ಟ್ ಲೆಕ್ಚರರ್. ಬ್ಲ್ಯಾಕ್ ವಿಡೋ, ಅಂದರೆ ನತಾಶಾ ರೊಮನಾಫ್, ಬಂದದ್ದು ರಷ್ಯನ್ ಭಾಷೆ ಕಲಿಸುವ ಕೆಲಸಕ್ಕೆ ಅರ್ಜಿ ಹಾಕಿಕೊಂಡು. ಘೋಸ್ಟ್ ರೈಡರ್ ಜಾನಿ ಬ್ಲೇಜ್ ಸುಮ್ನೆ ಬೈಕಿನಲ್ಲಿ ಆ ಕಡೆ ಹೋಗುತ್ತಿದ್ದವನು. ಅಷ್ಟರಲ್ಲಿ ಪಾತಾಳದ ದೊರೆ ಪ್ಲೂಟೊ ಕಳಿಸಿದ ದಂಡು ಕ್ಯಾಂಪಸ್ಸಿಗೆ ನುಗ್ಗುತ್ತದೆ. ಜಗಳದ ಮೂಲ ಏನು ಗೊತ್ತಾ? ಮದುವೆ. ಹರ್ಕ್ಯುಲಿಸ್‌ಗೆ ಅಮೆಜಾನ್ ರಾಣಿ ಹಿಪ್ಪೊಲಿಟಾಳ ಜೊತೆ, ಪ್ರೇಮದೇವತೆ ವೀನಸ್‌ಗೆ ಯುದ್ಧದ ದೇವರು ಏರಿಸ್ ಜೊತೆ ಬಲವಂತದ ಮದುವೆ ಮಾಡಿಸಬೇಕು ಅಂತ ಪ್ಲೂಟೊನ ಹಟ. ವೀನಸ್ ಕೂಡ ಅದೇ ಯೂನಿವರ್ಸಿಟಿಯಲ್ಲಿ ಪಾಠ ಹೇಳಿಕೊಂಡು ಇದ್ದಾಳೆ. ಅಂದರೆ ಸ್ಟಾಫ್‌ರೂಮಿನಲ್ಲಿ ಇಬ್ಬರು ದೇವತೆಗಳು!

ನಾನು ಧಾರವಾಡದ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲಿನ ಯೂನಿವರ್ಸಿಟಿಯಲ್ಲಿ ಓದಿದವನು. ನಮ್ಮ ಕಡೆ ಓದಿದವರ ಅರ್ಧ ಆಯುಷ್ಯ ಸಂದರ್ಶನಕ್ಕೆ ಕಾಯುತ್ತ ಕಾರಿಡಾರಿನಲ್ಲೇ ಕಳೆಯುತ್ತದೆ. ಕೈಯಲ್ಲಿ ಫೈಲು, ಫೈಲಿನಲ್ಲಿ ಝೆರಾಕ್ಸು, ಪಕ್ಕದವರ ಫೈಲು ನಮ್ಮದಕ್ಕಿಂತ ದಪ್ಪ ಇದೆಯಾ ಅಂತ ಕಣ್ಣಂಚಿನ ನೋಟ. ಬ್ಲ್ಯಾಕ್ ವಿಡೋ ಕೂಡ ಅದೇ ಥರ ಕೆಲಸ ಕೇಳಿಕೊಂಡು ಬಂದವಳು ಅನ್ನುವುದನ್ನು ಓದಿದ ಮೇಲೆ ಈ ತಂಡ ನನಗೆ ಬೇರೆಯೇ ಆಯಿತು. ಗೂಢಚಾರಿಣಿ, ಅಷ್ಟೊಂದು ವಿದ್ಯೆ ಗೊತ್ತು, ಆದರೂ ಕೆಲಸ ಬೇಕಲ್ಲ.

ಗದಗಿನ ಒಂದು ಕಾಲೇಜಿನಲ್ಲಿ ನಾವು ಒಂದಷ್ಟು ಜನ ಅತಿಥಿಗಳು ಇದ್ದೆವು. ಬೆಳಿಗ್ಗೆ ಹುಬ್ಬಳ್ಳಿಯಿಂದ ರೈಲು ಹತ್ತಿದರೆ ಅಣ್ಣಿಗೇರಿ ದಾಟುವ ಹೊತ್ತಿಗೆ ನಿದ್ದೆ ಹರಿದಿರುತ್ತಿತ್ತು. ಕಾಯಂ ಸಿಬ್ಬಂದಿಯ ಕೊಠಡಿ ಬೇರೆ. ನಮ್ಮದು ಅದರ ಹಿಂದಿನ, ಮೊದಲು ಕ್ರೀಡಾ ಸಾಮಾನು ಇಡುತ್ತಿದ್ದ ಕೋಣೆ. ಮೂಲೆಯಲ್ಲಿ ಇನ್ನೂ ಒಂದು ಡಿಸ್ಕಸ್ ಬಿದ್ದಿತ್ತು. ಕಾಮರ್ಸ್, ಭೂಗೋಳ, ಇಂಗ್ಲಿಷ್, ಸಮಾಜಶಾಸ್ತ್ರ, ಇತಿಹಾಸ. ನಮ್ಮನ್ನು ಯಾರೂ ಒಂದು ತಂಡ ಅಂತ ಆರಿಸಿರಲಿಲ್ಲ. ಯಾವ ವಿಷಯಕ್ಕೆ ಜನ ಕಮ್ಮಿ ಇದ್ದರೋ ಅಲ್ಲಿಗೆ ಒಬ್ಬೊಬ್ಬರನ್ನು ತುಂಬಿದ್ದರು ಅಷ್ಟೇ. ಭೂಗೋಳದ ಮೇಡಂಗೆ ಇಂಗ್ಲಿಷಿನವರನ್ನು ಕಂಡರೆ ಆಗುತ್ತಿರಲಿಲ್ಲ. ಕಾಮರ್ಸಿನವರು ದಿನಾ ‘ಮುಂದಿನ ತಿಂಗಳು ಬಿಟ್ಟು ಹೋಗ್ತೀನ್ರೀ’ ಅನ್ನುತ್ತಿದ್ದರು, ಹೋಗುತ್ತಿರಲಿಲ್ಲ. ಸಮಾಜಶಾಸ್ತ್ರದವರು ಮಧ್ಯಾಹ್ನ ಎಲ್ಲರ ಡಬ್ಬಿ ತೆಗೆಸಿ, ಎಲ್ಲರ ರೊಟ್ಟಿ, ಎಲ್ಲರ ಪಲ್ಯ ನಡುವಿಗೆ ಇಡಿಸುತ್ತಿದ್ದರು. ಯಾರೂ ಕೇಳದೇ ಅವರೇ ನಮ್ಮ ನಾಯಕಿ ಆಗಿಬಿಟ್ಟಿದ್ದರು.

ಒಂದು ಮಧ್ಯಾಹ್ನ ಹಿಂಗಾರಿನ ಮಳೆ ಹೊಡೆಯಿತು. ಗ್ರಂಥಾಲಯದ ಪಕ್ಕದ ಕೋಣೆಯ ತಗಡು ಎದ್ದು, ಇಂಟರ್ನಲ್ ಪರೀಕ್ಷೆಯ ಉತ್ತರಪತ್ರಿಕೆಗಳ ಗಂಟುಗಳ ಮೇಲೆ ನೀರು ಸುರಿಯತೊಡಗಿತು. ಸಿಪಾಯಿ ಓಡಿ ಬಂದು ಹೇಳಿದ. ಹೋಗಬೇಕು ಅಂತ ನಮಗೆ ಯಾರೂ ಹೇಳಲಿಲ್ಲ, ಅದು ನಮ್ಮ ವರ್ಕ್‌ಲೋಡಿನಲ್ಲೂ ಇರಲಿಲ್ಲ. ಕಾಮರ್ಸಿನವರು ಲಕ್ಷ್ಮೇಶ್ವರದ ಕಡೆಯವರು, ಹುಡುಗರಾಗಿದ್ದಾಗ ಗರಡಿಗೆ ಹೋದ ಮೈ. ಕಬ್ಬಿಣದ ಕಪಾಟನ್ನು ಒಂದು ಕಡೆಯಿಂದ ಹಿಡಿದು ಸರಿಸಿಯೇಬಿಟ್ಟರು. ಭೂಗೋಳದ ಮೇಡಂ ಮೇಜಿನ ಮೇಲೆ ಹತ್ತಿ ಗಂಟು ಎತ್ತಿ ಕೊಟ್ಟರೆ ಕೆಳಗೆ ಕೈಚಾಚಿ ತೆಗೆದುಕೊಂಡವರು ಅದೇ ಇಂಗ್ಲಿಷಿನವರು. ಗಂಟುಗಳನ್ನೆಲ್ಲ ನಮ್ಮ ಕೋಣೆಗೆ ತಂದು, ಡಿಸ್ಕಸ್ಸನ್ನೇ ಪೇಪರ್‌ವೇಟ್ ಮಾಡಿ, ಒದ್ದೆ ಹಾಳೆಗಳನ್ನು ಒಂದೊಂದೇ ಹರವಿದೆವು. ಸಂಜೆಯ ರೈಲು ತಪ್ಪಿತು. ಮಿರ್ಚಿ ತಿಂದು ಬಸ್ಸು ಹತ್ತಿದೆವು. ಮರುದಿನ ಭೂಗೋಳ ಮತ್ತು ಇಂಗ್ಲಿಷ್ ಮತ್ತೆ ಜಗಳ.

ಸೆಮಿಸ್ಟರ್ ಮುಗಿದಾಗ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಬಂತು. ಇಂಥ ದಿನದಿಂದ ಬಿಡುಗಡೆ ಮಾಡಲಾಗಿದೆ ಅಂತ. ಅದೇ ವಾರ ಕಾಯಂ ಸಿಬ್ಬಂದಿಯ ಒಬ್ಬರು ನಿವೃತ್ತರಾದರು. ಅವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಭಾಷಣ. ಆ ಭಾಷಣಕ್ಕೆ ಚಪ್ಪಾಳೆ ಹೊಡೆದು ನಾವು ಸ್ಟೇಷನ್ನಿಗೆ ನಡೆದೆವು. ಮುಂದಿನ ವರ್ಷ ಒಬ್ಬೊಬ್ಬರೂ ಒಂದೊಂದು ಊರಿಗೆ. ಹಾವೇರಿ, ರೋಣ, ಶಿಗ್ಗಾಂವಿ.

ಚಾಂಪಿಯನ್ಸ್ ಕೂಡ ಹೀಗೇ ಮುಗಿದರು. 1978ರ ಜನವರಿ ತಾರೀಖಿನ 17ನೇ ಸಂಚಿಕೆ ಆದಮೇಲೆ 18ನೆಯದು ಬರಲಿಲ್ಲ. ತಂಡ ಒಡೆಯಿತು ಅನ್ನುವ ಸುದ್ದಿಯನ್ನು ಅವರದೇ ಪುಸ್ತಕದಲ್ಲಿ ಹೇಳಲೂ ಇಲ್ಲ. ಕೆಲವು ತಿಂಗಳ ನಂತರ ಸ್ಪೈಡರ್‌ಮ್ಯಾನ್‌ನ ಒಂದು ಮಾಸಿಕದಲ್ಲಿ, ಅವನ ಕಥೆಯ ನಡುವೆ, ‘ಹಿಂಗಿಂಗಾಯ್ತು, ಬಿಟ್ಟುಬಿಟ್ವಿ’ ಅನ್ನುವ ಧಾಟಿಯಲ್ಲಿ ಏಂಜೆಲ್ ಹೇಳುತ್ತಾನೆ. ಬೇರೆಯವರ ಮನೆಯ ಪಡಸಾಲೆಯಲ್ಲಿ ನಿಂತು.

ಸಾಮಾನ್ಯ ಜನರ ತಂಡ ಅಂತೆ

ಅಳಿಯ ಕೇಳಿದ ಪ್ರಶ್ನೆಗೆ ವ್ಯಾಪಾರದ ಕಡೆಯಿಂದ ಉತ್ತರ ಇದೆ. ಟೋನಿ ಇಸಬೆಲ್ಲಾ ಅನ್ನುವ ಬರಹಗಾರನಿಗೆ ಏಂಜೆಲ್, ಐಸ್‌ಮ್ಯಾನ್ ಇಬ್ಬರೇ ಗೆಳೆಯರ ಕಥೆ ಬರೆಯುವ ಆಸೆ ಇತ್ತು. ಸಂಪಾದಕ ಲೆನ್ ವೀನ್, ತಂಡ ಅಂದರೆ ಐವರು ಬೇಕು ಅಂದರು. ಒಬ್ಬ ಹೆಣ್ಣುಮಗಳು ಇರಬೇಕು, ಒಬ್ಬ ಭಾರೀ ಬಲಶಾಲಿ ಇರಬೇಕು, ಸ್ವಂತ ಪುಸ್ತಕ ಇರುವ ಒಬ್ಬನಾದರೂ ಇರಬೇಕು. ಹೆಣ್ಣುಮಗಳು ವಿಡೋ, ಬಲಶಾಲಿ ಹರ್ಕ್ಯುಲಿಸ್, ಪುಸ್ತಕ ಇದ್ದವನು ಘೋಸ್ಟ್ ರೈಡರ್. ರೋಸ್ಟರ್ ತುಂಬಿತು. ತಲೆಬುರುಡೆಗೆ ಬೆಂಕಿ ಹತ್ತಿಕೊಂಡ, ಒಳಗೊಂದು ದೆವ್ವ ಹೊತ್ತ ಮನುಷ್ಯ ಈ ತಂಡಕ್ಕೆ ಯಾಕೆ ಅಂತ ಯಾರೂ ಕೇಳಲಿಲ್ಲ. ತಂಡದ ಒಳಗಿನವರಿಗೇ ಅವನನ್ನು ಕಂಡರೆ ಇರುಸುಮುರುಸು. ಬರೆಯುವವರು, ಚಿತ್ರ ಬಿಡಿಸುವವರು ನಡುನಡುವೆ ಬದಲಾದರು. ಬೆಲೆ 25 ಸೆಂಟ್‌ನಿಂದ 35ಕ್ಕೆ ಏರಿತು. ಅಷ್ಟರಲ್ಲಿ ಮುಗಿಯಿತು.

ಕಥೆಯೊಳಗೆ ಏಂಜೆಲ್ ಒಂದು ಕಾರಣ ಕೊಡುತ್ತಾನೆ. ಬೇರೆ ತಂಡಗಳೆಲ್ಲ ಲೋಕ ಉಳಿಸುವುದರಲ್ಲಿವೆ, ನಾವು ಸಾಮಾನ್ಯ ಜನರಿಗೆ ನೆರವಾಗೋಣ ಅಂತ. ಒಳ್ಳೆ ಮಾತು. ಆದರೆ ಸಂಚಿಕೆ ತೆಗೆದು ನೋಡಿದರೆ ಒಂದು ಕಡೆ ಗ್ರೀಕ್ ದೇವರುಗಳು, ಇನ್ನೊಂದು ಕಡೆ ಸೋವಿಯತ್ ಕವಚವೀರರು, ಜೇನಿನ ನಾಜಿ, ಆಮೇಲೆ ಡಾಕ್ಟರ್ ಡೂಮ್ ಅನ್ನುವ ಮಹಾಖಳ. ಸಾಮಾನ್ಯ ಮನುಷ್ಯ ಎಲ್ಲಿ?

ಒಬ್ಬನೇ ಸಿಗುತ್ತಾನೆ. 1976ರ 5ನೇ ಸಂಚಿಕೆಯಲ್ಲಿ. ಸ್ಟುವರ್ಟ್ ಕ್ಲಾರ್ಕ್ ಅಂತ. ಸಣ್ಣ ತಂತ್ರಜ್ಞಾನ ಕಂಪನಿಯ ಮಾಲೀಕ, ತಾನೇ ಯಂತ್ರ ಮಾಡಬಲ್ಲ ಬುದ್ಧಿವಂತ. ಆಗ ಅಮೆರಿಕದಲ್ಲಿ ನಿಜವಾಗಿಯೂ ಆರ್ಥಿಕ ಹಿಂಜರಿತ ಬಂದುಹೋಗಿತ್ತು. ಅದರಲ್ಲಿ ಇವನ ಕಂಪನಿ ದಿವಾಳಿಯ ಅಂಚಿಗೆ ಬಂದಿದೆ. ತಾನು ಮಾಡಿದ ಉಕ್ಕಿನ ಕವಚವನ್ನು ತಾನೇ ತೊಟ್ಟು ಬ್ಯಾಂಕ್ ದರೋಡೆಗೆ ಹೊರಡುತ್ತಾನೆ. ರ್‍ಯಾಂಪೇಜ್ ಅಂತ ಹೆಸರು. ಅವನು ಖಳ. ಸಾಮಾನ್ಯ ಜನರಿಗಾಗಿ ಹುಟ್ಟಿದ ತಂಡ ಮೊದಲ ಸಲ ಒಬ್ಬ ಸಾಮಾನ್ಯನನ್ನು ಎದುರಾದಾಗ ಅವನನ್ನೇ ಹೊಡೆಯಬೇಕಾಗುತ್ತದೆ.

ಹುಬ್ಬಳ್ಳಿಯವರಿಗೆ ಕ್ಲಾರ್ಕ್ ಯಾರು ಅಂತ ವಿವರಿಸಬೇಕಾ? ಗೋಕುಲ ರೋಡಿನ ಕೈಗಾರಿಕಾ ವಸಾಹತಿನಲ್ಲಿ ವಾಲ್ವ್ ಬಿಡಿಭಾಗ ಮಾಡುವ ಸಣ್ಣ ಶೆಡ್ಡು ಇಟ್ಟುಕೊಂಡಿದ್ದ ಒಬ್ಬರು ನಮ್ಮ ಓಣಿಯಲ್ಲೇ ಇದ್ದರು. ಲೇಥ್ ಮುಂದೆ ನಿಂತರೆ ಕೂದಲೆಳೆ ಅಳತೆಯೂ ತಪ್ಪುತ್ತಿರಲಿಲ್ಲ. ಆರ್ಡರ್ ನಿಂತವು, ಕೊಟ್ಟವರು ದುಡ್ಡು ಕೊಡಲಿಲ್ಲ, ಸಾಲದ ಕಂತು ನಿಲ್ಲಲಿಲ್ಲ. ಮಷಿನ್ನುಗಳನ್ನು ಲಾರಿಗೆ ಹಾಕಿದ ದಿನ ಅವರು ಒಂದು ವರ್ನಿಯರ್ ಕ್ಯಾಲಿಪರ್ ಮಾತ್ರ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಮನೆಗೆ ನಡೆದುಬಂದರು. ಬ್ಯಾಂಕ್ ದರೋಡೆ ಮಾಡಲಿಲ್ಲ, ಮಗಳ ಊರಿಗೆ ಹೋದರು. 5ನೇ ಸಂಚಿಕೆ ಓದುವಾಗ ನಾನು ಯಾರ ಪಕ್ಷ ವಹಿಸಬೇಕು, ನೀವೇ ಹೇಳಿ.

ಸ್ಪೈಡರ್‌ಮ್ಯಾನ್ ಪುಸ್ತಕದಲ್ಲಿ ತಂಡ ಮುಗಿದ ಸುದ್ದಿ ಬಂತು ಅಂದೆನಲ್ಲ, ಆ ಕಥೆಯ ಖಳನೂ ಇದೇ ಕ್ಲಾರ್ಕ್. ಡೂಮ್ ಬರಲಿಲ್ಲ, ಪ್ಲೂಟೊ ಬರಲಿಲ್ಲ. ದಿವಾಳಿಯಾದವನೇ ಬಂದ. ಬರೆದವರು ಬೇಕಂತಲೇ ಹಾಗೆ ಮಾಡಿದರು ಅಂತ ನಾನು ಹೇಳುವುದಿಲ್ಲ. ಅವರಿಗೆ ಒಬ್ಬ ಖಳ ಬೇಕಾಗಿತ್ತು, ಇವನು ಖಾಲಿ ಇದ್ದ. ಆದರೆ ಯಾವ ಲೆಕ್ಕಾಚಾರವೂ ಇಲ್ಲದೆ ಹೀಗೆ ಕೂಡಿಬರುವುದೇ ಈ ಕಾಮಿಕ್ಸಿನಲ್ಲಿ ನನಗೆ ಇಷ್ಟ. ನೆಟ್ಟಗೆ ಯೋಜನೆ ಹಾಕಿ ಮಾಡಿದ ತಂಡಗಳಲ್ಲಿ ಯಾರು ಯಾಕಿದ್ದಾರೆ ಅಂತ ಮೊದಲೇ ಗೊತ್ತಿರುತ್ತದೆ. ಇಲ್ಲಿ ಪ್ರತಿ ಸಂಚಿಕೆಯಲ್ಲೂ ಅವರು ಅದನ್ನು ಹೊಸದಾಗಿ ಹುಡುಕಬೇಕು. ಸಿಗುವುದಿಲ್ಲ. ಆದರೂ ಮುಂದಿನ ಸಂಚಿಕೆಗೆ ಹಾಜರಾಗುತ್ತಾರೆ.

17 ಅಥವಾ 22

ಹೆಸರಿನ ಗತಿಯೂ ಹೇಳಿಬಿಡುತ್ತೇನೆ. ಪುಸ್ತಕ ನಿಂತ ಮೇಲೆ 1981ರಲ್ಲಿ ಅದೇ ಹೆಸರಿನ ಒಂದು ಆಟ ಬಂತು, 1986ರಲ್ಲಿ ಆ ಆಟದ ಕಾಮಿಕ್ಸೂ ಬಂತು. ಮಾರ್ವೆಲ್‌ಗೆ ತನ್ನದೇ ಹಳೇ ಹೆಸರು ಕೈತಪ್ಪಿತು. 2007ರಲ್ಲಿ ಹೊಸ ತಂಡಕ್ಕೆ ಅದನ್ನು ಇಡಲು ಹೊರಟು, ಆಗದೆ, ‘ದಿ ಆರ್ಡರ್’ ಅಂತ ಇಟ್ಟರು. ಅದು ಬಂದದ್ದು 10 ಸಂಚಿಕೆ. ಈ ಹೆಸರಿನ ನೆರಳು ಬಿದ್ದರೂ ಸಾಕು ನೋಡಿ! ಕಡೆಗೆ 2016ರಲ್ಲಿ ಹೆಸರು ಹುಡುಗರ ಪಾಲಾಯಿತು. ಹುಡುಗರ ತಂಡದ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಒಂದು ಉದ್ದೇಶ ಇದೆ, ಹುರುಪು ಇದೆ. ಆದರೆ ಓದುತ್ತಾ ಹೋದ ಹಾಗೆ ಕ್ಯಾಂಟೀನಿನಲ್ಲಿ ನಮ್ಮ ಬೆಂಚಿನ ಮೇಲೆ ಬೇರೆ ಬ್ಯಾಚಿನವರು ಕೂತಂತೆ ಅನ್ನಿಸುತ್ತದೆ.

ಚಿಕ್ಕಪ್ಪನ ಮಗ ಈ ತಂಡದ ಲೆಕ್ಕ ಬೆಳೆಸುವುದರಲ್ಲಿ ತೊಡಗಿದ್ದಾನೆ. 17 ಅಂದರೆ ಅವನಿಗೆ ಸಂಕಟ. ಐರನ್ ಮ್ಯಾನ್‌ನ 4ನೇ ವಾರ್ಷಿಕ ಸಂಚಿಕೆಯಲ್ಲಿ ಇವರಿದ್ದಾರೆ, ಅವೆಂಜರ್ಸ್ 163ರಲ್ಲಿದ್ದಾರೆ, ಸ್ಪೈಡರ್‌ಮ್ಯಾನ್‌ನ ಆ ಎರಡು ಸಂಚಿಕೆಯಲ್ಲಿ ಏಂಜೆಲ್, ಐಸ್‌ಮ್ಯಾನ್ ಇದ್ದಾರೆ, ಗಾಡ್ಜಿಲ್ಲಾದ 3ನೇ ಸಂಚಿಕೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಿ ಆ ರಾಕ್ಷಸನ ಜೊತೆ ಬಡಿದಾಡಿದ್ದಾರೆ. ಎಲ್ಲ ಕೂಡಿಸಿದರೆ 22 ಅಂತ ಅವನ ವಾದ. ಡಾರ್ಕ್‌ಸ್ಟಾರ್ ಅನ್ನುವ ರಷ್ಯನ್ ಹುಡುಗಿ ಕೆಲವು ದಿನ ತಂಡದಲ್ಲಿದ್ದಳು, ಐಸ್‌ಮ್ಯಾನ್ ಅವಳ ಹಿಂದೆ ಬಿದ್ದಿದ್ದ, ಅವಳು ಕ್ಯಾರೇ ಅನ್ನಲಿಲ್ಲ. ಅವಳನ್ನೂ ಲೆಕ್ಕಕ್ಕೆ ಹಿಡಿದು ಆರು ಜನ ಅನ್ನುತ್ತಾನೆ. ಡಾರ್ಕ್‌ಸ್ಟಾರ್ ವಿಷಯದಲ್ಲಿ ನಾನು ಒಪ್ಪಿದೆ. ಗಾಡ್ಜಿಲ್ಲಾ ಮಾತ್ರ ಬೇಡ, ಅದು ಬೇರೆಯವರ ಪುಸ್ತಕ, ಅಲ್ಲಿ ಇವರು ಬರೀ ಗೆಸ್ಟ್ ಅಂತ ಬರೆದೆ.

ತಕ್ಷಣ ಉತ್ತರ ಬಂತು. ‘ಗೆಸ್ಟ್ ಇದ್ರ ಲೆಕ್ಕಕ್ಕಿಲ್ಲ ಅಂತ ನೀನು ಹೇಳ್ತಿಯೇನಲೇ?’

ಹಾಗಾಗಿ ಸದ್ಯಕ್ಕೆ 22.